ಮೊಣಕಾಲಿನ ಬೆಲೆ: ಒಂದು ಸಣ್ಣ ಇತಿಹಾಸ

2017ರ ಆಗಸ್ಟ್ 16ರಂದು ಭಾರತ ಸರ್ಕಾರ ಕೃತಕ ಮೊಣಕಾಲಿಗೆ ಬೆಲೆ ಕಟ್ಟಿತು. ತೊಡೆಮೂಳೆಯ ತುದಿಗೆ ಕೂರಿಸುವ ಲೋಹದ ಭಾಗಕ್ಕೆ 24,090 ರೂಪಾಯಿ. ಕೆಳಗಿನ ಮೂಳೆಯ ಮೇಲೆ ಕೂರುವ ತಟ್ಟೆಗೆ 16,990. ಎರಡರ ನಡುವೆ ಬರುವ ಪ್ಲಾಸ್ಟಿಕ್ ಬಿಲ್ಲೆಗೆ 9,550. ಮಂಡಿಚಿಪ್ಪಿನ ಹಿಂಬದಿಗೆ ಅಂಟಿಸುವ ಗುಂಡಿಯಂಥ ತುಂಡಿಗೆ 4,090. ನಾಲ್ಕನ್ನೂ ಕೂಡಿಸಿದರೆ 54,720. ಜಿಎಸ್‌ಟಿ ಬೇರೆ. ಕೋಬಾಲ್ಟ್-ಕ್ರೋಮಿಯಂ ಎಂಬ ಮಿಶ್ರಲೋಹದ ಸಾಮಾನ್ಯ ಕೃತಕ ಮಂಡಿಗೆ ಇದಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಎಂದು ಆದೇಶ ಹೇಳಿತು. ಅದೇ ವಸ್ತುವಿನ ಸರಾಸರಿ ಎಂಆರ್‌ಪಿ ಅಲ್ಲಿಯತನಕ 1,58,324 ರೂಪಾಯಿ ಇತ್ತು.

ಒಂದೇ ದಿನದಲ್ಲಿ ಶೇ. 65ರಷ್ಟು ಇಳಿಕೆ. ಲೋಹ ಬದಲಾಗಲಿಲ್ಲ, ಕಾರ್ಖಾನೆ ಬದಲಾಗಲಿಲ್ಲ, ಡಾಕ್ಟರ ಕೈ ಬದಲಾಗಲಿಲ್ಲ. ಹಾಗಾದರೆ ಇಳಿದ ಆ ಒಂದು ಲಕ್ಷ ಅಲ್ಲಿಯವರೆಗೆ ಎಲ್ಲಿಗೆ ಹೋಗುತ್ತಿತ್ತು? ಈ ಪ್ರಶ್ನೆಯ ಬೆನ್ನು ಹತ್ತಿದರೆ ಮೊಣಕಾಲಿನ ಬೆಲೆಯ ಇತಿಹಾಸ ತೆರೆದುಕೊಳ್ಳುತ್ತದೆ. ಪುಣೆಯಲ್ಲಿರುವ ನಮ್ಮಂಥ ಕನ್ನಡಿಗರಿಗೆ ಇದು ಬರೀ ಇತಿಹಾಸವೂ ಅಲ್ಲ. ಊರಲ್ಲಿ ಬಿಟ್ಟು ಬಂದ ಅಪ್ಪ ಅಮ್ಮನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಹೊಲದಲ್ಲಿ ಕಳೆ ಕಿತ್ತು, ಒಲೆಯ ಮುಂದೆ ಕೂತು ರೊಟ್ಟಿ ಬಡಿದು ಸವೆದ ಮಂಡಿಗಳು ಒಂದೊಂದಾಗಿ ನಮ್ಮ ಫ್ಲ್ಯಾಟುಗಳಿಗೆ ಬಂದು ಇಳಿಯುತ್ತಿವೆ.

ಕೃತಕ ಮಂಡಿಯ ಕಥೆ ಆನೆದಂತದಿಂದ ಶುರುವಾಗುತ್ತದೆ. 1890ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಥೆಮಿಸ್ಟೋಕ್ಲಿಸ್ ಗ್ಲುಕ್, ಕ್ಷಯದಿಂದ ಹಾಳಾದ ಮೊಣಕಾಲಿಗೆ ದಂತದಲ್ಲಿ ಮಾಡಿದ ಕೀಲನ್ನು ಜೋಡಿಸಿದ. ಬಾಗಿಲಿನ ಬಿಜಾಗರಿಯ ಹಾಗೆ ಮಡಚಿಕೊಳ್ಳುವ ಕೀಲು ಅದು. ಸೋಂಕು ತಗುಲಿ ಆ ಪ್ರಯತ್ನಗಳು ನಿಲ್ಲಲಿಲ್ಲ. ಆಮೇಲೆ ಅರವತ್ತು ವರ್ಷ ಕಳೆದು, 1950ರ ದಶಕದ ಆರಂಭದಲ್ಲಿ ಸ್ವೀಡನ್ನಿನ ವಾಲ್ಡಿಯಸ್ ಮತ್ತೆ ಬಿಜಾಗರಿ ಮಾದರಿಯನ್ನೇ ಹೊಸ ವಸ್ತುವಿನಲ್ಲಿ ಮಾಡಿದ. ಆದರೆ ಮಂಡಿ ಬಿಜಾಗರಿಯಲ್ಲ. ಅದು ಮಡಚುತ್ತದೆ, ಮಡಚುತ್ತಲೇ ಜಾರುತ್ತದೆ, ಸ್ವಲ್ಪ ತಿರುಗುತ್ತದೆ. ಬಿಜಾಗರಿಯಲ್ಲಿ ಕಟ್ಟಿಹಾಕಿದ ಕಾಲಿನ ಎಲ್ಲ ಭಾರವೂ ಮೂಳೆಗೆ ಕಚ್ಚಿಕೊಂಡ ಜಾಗಕ್ಕೆ ಬಿದ್ದು, ಕೀಲು ಸಡಿಲವಾಗುತ್ತಿತ್ತು.

ದಾರಿ ತೋರಿಸಿದ್ದು ಸೊಂಟದ ಕೀಲು. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ 1962ರಲ್ಲಿ ಲೋಹದ ಗುಂಡು ಮತ್ತು ಪಾಲಿಎಥಿಲಿನ್ ಬಟ್ಟಲನ್ನು ಮೂಳೆಯ ಸಿಮೆಂಟಿನಿಂದ ಕೂರಿಸಿ ಯಶಸ್ವಿಯಾದರು. ಅದಕ್ಕೆ ಮುಂಚೆ ಅವರು ಟೆಫ್ಲಾನ್ ಬಳಸಿದ್ದರು. ಅದು ಬೇಗ ಸವೆದು ರೋಗಿಗಳಿಗೆ ತೊಂದರೆಯಾಗಿತ್ತು. ಅದೇ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಕೆನಡಾದ ಫ್ರಾಂಕ್ ಗನ್‌ಸ್ಟನ್ 1968ರ ಹೊತ್ತಿಗೆ ಲೋಹ, ಪ್ಲಾಸ್ಟಿಕ್, ಸಿಮೆಂಟು ಎಂಬ ಇದೇ ಸೂತ್ರವನ್ನು ಮಂಡಿಗೆ ತಂದರು. 1974ರಲ್ಲಿ ನ್ಯೂಯಾರ್ಕಿನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿಯಲ್ಲಿ ಮೂವರು ಸೇರಿ ‘ಟೋಟಲ್ ಕಾಂಡೈಲರ್’ ಎಂಬ ಮಂಡಿ ಮಾಡಿದರು: ಜಾನ್ ಇನ್ಸಾಲ್, ಎಂಜಿನಿಯರ್ ಪೀಟರ್ ವಾಕರ್, ಮತ್ತು ಮಧ್ಯಪ್ರದೇಶದಲ್ಲಿ ಹುಟ್ಟಿದ ಚಿತ್ತರಂಜನ್ ರಾಣಾವತ್. ಇವತ್ತು ನಮ್ಮ ತಾಯಂದಿರ ಕಾಲಿಗೆ ಹಾಕುವ ಮಂಡಿಗಳೆಲ್ಲ ಹೆಚ್ಚುಕಡಿಮೆ ಅದರ ಮಕ್ಕಳು, ಮೊಮ್ಮಕ್ಕಳು.

ಎಂಜಿನಿಯರಿಂಗ್ ಓದಿದವನಾಗಿ ನನಗೆ ಇಲ್ಲಿ ಮುಖ್ಯವೆನಿಸುವುದು ಇಷ್ಟು. ಈ ತಂತ್ರಜ್ಞಾನದ ಬುನಾದಿಗೆ ಐವತ್ತು ವರ್ಷವಾಗಿದೆ. ಸುಧಾರಣೆಗಳು ಆಗಿವೆ, ಆದರೆ ಮೂಲ ಅದೇ. ಐವತ್ತು ವರ್ಷ ಹಳೆಯ ತಂತ್ರಜ್ಞಾನ ಸಾಮಾನ್ಯವಾಗಿ ಅಗ್ಗವಾಗುತ್ತದೆ. ನಮ್ಮಲ್ಲಿ ಅದು ಯಾಕೆ ಅಗ್ಗವಾಗಲಿಲ್ಲ?

ಭಾರತದ ಮನೆಮಾತಿಗೆ ಮಂಡಿ ಆಪರೇಷನ್ ಬಂದದ್ದು ಪ್ರಧಾನಿ ವಾಜಪೇಯಿಯವರಿಂದ. 2000ದ ಅಕ್ಟೋಬರಿನಲ್ಲಿ ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಅವರ ಎಡ ಮಂಡಿ, 2001ರ ಜೂನಿನಲ್ಲಿ ಬಲ ಮಂಡಿ ಬದಲಾದವು. ಮಾಡಿದವರು ನ್ಯೂಯಾರ್ಕಿನಿಂದ ಬಂದ ಅದೇ ರಾಣಾವತ್. ಅದಕ್ಕೂ ಮುಂಚೆ ನಮ್ಮ ಕಡೆ ಮಂಡಿನೋವು ಅಂದರೆ ವಯಸ್ಸಿನ ಜೊತೆ ಬರುವ ಸಂಗತಿ, ನರೆಗೂದಲಿನ ಹಾಗೆ. ಎಣ್ಣೆ ತಿಕ್ಕುವುದು, ಬಿಸಿನೀರು ಹಾಕುವುದು, ಕೋಲು ಹಿಡಿಯುವುದು. ಪ್ರಧಾನಿ ಟೀವಿಯಲ್ಲಿ ಹೊಸ ಮಂಡಿಯಲ್ಲಿ ನಡೆದದ್ದನ್ನು ನೋಡಿದ ಮೇಲೆ ‘ಇದಕ್ಕೂ ಇಲಾಜು ಐತಿ’ ಎಂಬುದು ಹಳ್ಳಿಗೂ ಗೊತ್ತಾಯಿತು. ಇಲಾಜು ಇದೆ ಎಂದು ಗೊತ್ತಾದ ದಿನದಿಂದ ‘ಎಷ್ಟಾಗತೈತಿ?’ ಎಂಬ ಪ್ರಶ್ನೆಯೂ ಹುಟ್ಟಿತು.

ಉತ್ತರ ಕರ್ನಾಟಕದವರಿಗೆ ದೊಡ್ಡ ಕಾಯಿಲೆಗೆ ಗಡಿ ದಾಟುವುದು ಹೊಸದಲ್ಲ. 1894ರಲ್ಲಿ ವಿಲಿಯಂ ವಾನ್‌ಲೆಸ್ ಮಿರಜಿನಲ್ಲಿ ಮಿಷನ್ ಆಸ್ಪತ್ರೆ ತೆರೆದ ಕಾಲದಿಂದಲೂ ‘ಮಿರಜಿಗೆ ಒಯ್ಯಿರಿ’ ಅನ್ನುವುದು ನಮ್ಮಲ್ಲಿ ಕೊನೆಯ ಸಲಹೆ. ಮಿರಜು, ಸೊಲ್ಲಾಪುರ ದಾಟಿ ರೈಲು ಮುಂದೆ ಹೋದರೆ ಪುಣೆ. ಇಲ್ಲಿ 1867ರ ಸಸೂನ್ ಸರ್ಕಾರಿ ಆಸ್ಪತ್ರೆ ಇದೆ, ಶಿವಾಜಿನಗರದಲ್ಲಿ ಡಾ. ಕಾಂತಿಲಾಲ್ ಸಂಚೇತಿ 1965ರಲ್ಲಿ ಸ್ಥಾಪಿಸಿದ ಮೂಳೆ ಆಸ್ಪತ್ರೆ ಇದೆ. ಹತ್ತಿರದ ಚೌಕಕ್ಕೂ ಜನ ಅದೇ ಹೆಸರು ಹೇಳುತ್ತಾರೆ. ಸಂಚೇತಿಯವರಿಗೆ 2012ರಲ್ಲಿ ಪದ್ಮವಿಭೂಷಣ ಬಂತು. ಬೆಲೆಯ ಇತಿಹಾಸದಲ್ಲಿ ಅವರ ಹೆಸರು ಬರುವುದು ಬೇರೆ ಕಾರಣಕ್ಕೆ. ಭಾರತೀಯರ ಮೂಳೆಯ ಅಳತೆಗೆ ಹೊಂದುವ, ನೆಲದ ಮೇಲೆ ಕೂರುವವರ ಕಾಲನ್ನು ಗಮನದಲ್ಲಿಟ್ಟ, ಆಮದು ಮಂಡಿಗಿಂತ ಅಗ್ಗವಾದ ‘ಇಂಡಸ್’ ಎಂಬ ದೇಶೀ ಮಂಡಿಯನ್ನು ರೂಪಿಸಿದವರು ಅವರು. ಮಾರುಕಟ್ಟೆಯಲ್ಲಿ ಜಿಮ್ಮರ್, ಸ್ಟ್ರೈಕರ್, ಡಿಪ್ಯೂ, ಸ್ಮಿತ್ ಆಂಡ್ ನೆಫ್ಯೂನಂಥ ಹೊರದೇಶದ ಕಂಪನಿಗಳದ್ದೇ ಮೇಲುಗೈಯಾಗಿದ್ದ ಕಾಲದಲ್ಲಿ, ಮಂಡಿಯನ್ನು ಇಲ್ಲಿಯೂ ಮಾಡಬಹುದು ಎಂದು ಈ ಊರು ತೋರಿಸಿತ್ತು.

ಆದರೂ ಅಗ್ಗದ ಮಂಡಿ ಮಾರುಕಟ್ಟೆ ಗೆಲ್ಲಲಿಲ್ಲ. ಕಾರಣ ಈ ವ್ಯಾಪಾರದ ರಚನೆಯಲ್ಲೇ ಇದೆ. ಮಂಡಿಯನ್ನು ಕೊಳ್ಳುವವನು ರೋಗಿ. ಆರಿಸುವವರು ಡಾಕ್ಟರು. ತರಿಸಿ ಬಿಲ್ ಮಾಡುವುದು ಆಸ್ಪತ್ರೆ. ಆಮದುದಾರನಿಂದ ವಿತರಕನಿಗೆ, ಅಲ್ಲಿಂದ ಆಸ್ಪತ್ರೆಗೆ ಬರುವಷ್ಟರಲ್ಲಿ ಪ್ರತಿ ಕೈಯೂ ತನ್ನ ಪಾಲು ಸೇರಿಸುತ್ತದೆ. ಎಂಆರ್‌ಪಿ ಎಷ್ಟು ಹೆಚ್ಚೋ ಪಾಲು ಅಷ್ಟು ದೊಡ್ಡದು. ಹಾಗಾಗಿ ಅಗ್ಗದ ಮಾಲು ಈ ಸಾಲಿನಲ್ಲಿ ಯಾರಿಗೂ ಬೇಕಾಗಿರುವುದಿಲ್ಲ, ಕಡೆಯಲ್ಲಿ ಹಣ ಕೊಡುವವನನ್ನು ಬಿಟ್ಟು. ಅವನು ಆ ಹೊತ್ತಿನಲ್ಲಿ ಚೌಕಾಸಿ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ.

ಇದನ್ನು ಲೆಕ್ಕ ಸಮೇತ ಹೊರಗೆ ಹಾಕಿದ್ದು ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ, ಎನ್‌ಪಿಪಿಎ. ಅದಕ್ಕೆ ಅಧಿಕಾರ ಬಂದ ದಾರಿಯೂ ಸ್ವಾರಸ್ಯಕರ. 2005ರ ಅಕ್ಟೋಬರ್ 7ರಂದು ಕೇಂದ್ರ ಸರ್ಕಾರ ಹೃದಯದ ಸ್ಟೆಂಟ್, ಮೂಳೆಯ ಇಂಪ್ಲಾಂಟ್ ಮೊದಲಾದ ಸಾಧನಗಳನ್ನು ಕಾನೂನಿನ ಕಣ್ಣಿನಲ್ಲಿ ‘ಔಷಧ’ ಎಂದು ಅಧಿಸೂಚಿಸಿತ್ತು. ಹೀಗೆ ಲೋಹದ ಮಂಡಿಯೂ ಕ್ರೋಸಿನ್ ಮಾತ್ರೆಯೂ ಒಂದೇ ಕಾಯ್ದೆಯ ಕೆಳಗೆ ಬಂದವು. 2017ರ ಫೆಬ್ರವರಿಯಲ್ಲಿ ಮೊದಲು ಸ್ಟೆಂಟಿನ ಬೆಲೆ ಇಳಿಯಿತು. ಸ್ಟೆಂಟ್ ಅಗತ್ಯ ಔಷಧಗಳ ಪಟ್ಟಿಗೆ ಸೇರಿತ್ತು. ಮಂಡಿ ಆ ಪಟ್ಟಿಯಲ್ಲಿ ಇರಲಿಲ್ಲ. ಅದಕ್ಕೆ 2013ರ ಔಷಧ ಬೆಲೆ ನಿಯಂತ್ರಣ ಆದೇಶದ 19ನೇ ಪ್ಯಾರಾ ಬಳಸಲಾಯಿತು. ಅಸಾಧಾರಣ ಸಂದರ್ಭದಲ್ಲಿ, ಸಾರ್ವಜನಿಕ ಹಿತಕ್ಕಾಗಿ, ಯಾವುದೇ ಔಷಧದ ಬೆಲೆ ನಿಗದಿ ಮಾಡಬಹುದು ಎನ್ನುವ ಪ್ಯಾರಾ ಅದು. ಮಾರಾಟದ ಸರಪಳಿಯಲ್ಲಿ ಶೇ. 313ರವರೆಗೂ ಲಾಭಾಂಶ ಕಂಡಿದೆ ಎಂದು ಸರ್ಕಾರ ಹೇಳಿತು. ಆಗ ಪ್ರಾಧಿಕಾರದ ಅಧ್ಯಕ್ಷರು ಭೂಪೇಂದ್ರ ಸಿಂಗ್. ಬೆಲೆ ಇಳಿಕೆಯನ್ನು ದೇಶಕ್ಕೆ ಪ್ರಕಟಿಸಿದ ರಾಸಾಯನಿಕ ಮತ್ತು ರಸಗೊಬ್ಬರ ಸಚಿವರು ನಮ್ಮ ಬೆಂಗಳೂರು ದಕ್ಷಿಣದ ಅನಂತಕುಮಾರ್. ವರ್ಷಕ್ಕೆ 1,500 ಕೋಟಿ ರೂಪಾಯಿ ಜನರಿಗೆ ಉಳಿಯುತ್ತದೆ ಎಂದು ಅವರು ಅಂದಾಜು ಹೇಳಿದರು.

ಹೆಚ್ಚು ಬಾಗುವ ‘ಹೈ ಫ್ಲೆಕ್ಸ್’ ಮಂಡಿಯ ಸರಾಸರಿ 1,81,728ರಿಂದ 56,490ಕ್ಕೆ ಬಂತು. ಟೈಟಾನಿಯಂ, ಆಕ್ಸಿಡೈಸ್ಡ್ ಜಿರ್ಕೋನಿಯಂನಂಥ ವಿಶೇಷ ಲೋಹದ್ದು ಸುಮಾರು ಎರಡೂವರೆ ಲಕ್ಷದಿಂದ 76 ಸಾವಿರದ ಆಸುಪಾಸಿಗೆ ಬಂತು. ಒಮ್ಮೆ ಹಾಕಿದ ಮಂಡಿ ಕೆಟ್ಟು ಎರಡನೇ ಸಲ ಹಾಕುವ ‘ರಿವಿಷನ್’ ಮಂಡಿ 2,76,869ರಿಂದ 1,13,950ಕ್ಕೆ ಇಳಿಯಿತು. ಹೈ ಫ್ಲೆಕ್ಸ್ ಲೆಕ್ಕ ನೋಡಿ: ಆ ಆದೇಶದಲ್ಲಿ ಸಾಮಾನ್ಯ ಮಂಡಿಗೂ ಅದಕ್ಕೂ ವ್ಯತ್ಯಾಸ 1,770 ರೂಪಾಯಿ ಆಯಿತು. ಮೊದಲು 23 ಸಾವಿರಕ್ಕೂ ಹೆಚ್ಚಿತ್ತು.

ಆದೇಶದಲ್ಲಿ ಬೆಲೆಯಷ್ಟೇ ಮುಖ್ಯವಾದ ಇನ್ನೊಂದು ಮಾತಿತ್ತು. ಆಸ್ಪತ್ರೆ ಬಿಲ್ಲಿನಲ್ಲಿ ಇಂಪ್ಲಾಂಟಿನ ಬೆಲೆಯನ್ನು ಪ್ರತ್ಯೇಕವಾಗಿ, ಬ್ರ್ಯಾಂಡಿನ ಹೆಸರು, ತಯಾರಕ ಅಥವಾ ಆಮದುದಾರನ ಹೆಸರು, ಬ್ಯಾಚ್ ನಂಬರಿನ ಸಮೇತ ತೋರಿಸಬೇಕು. ಇದರ ಬೆಲೆ ನನಗೆ ತಿಳಿದದ್ದು 2018ರ ಜನವರಿಯಲ್ಲಿ.

ಅವ್ವನಿಗೆ ಆಗ ಅರವತ್ತೇಳು. ಗದಗಿನ ಹತ್ತಿರದ ನಮ್ಮ ಹಳ್ಳಿಯಿಂದ ಅಣ್ಣ ಕರೆದುಕೊಂಡು ಬಂದಿದ್ದ. ಎಡ ಮಂಡಿ ಒಳಕ್ಕೆ ಬಾಗಿ, ರಾತ್ರಿ ನಿದ್ದೆ ಇರಲಿಲ್ಲ. ಪುಣೆಯ ಮೂರು ಆಸ್ಪತ್ರೆಗಳಲ್ಲಿ ಎಸ್ಟಿಮೇಟ್ ತೆಗೆದುಕೊಂಡೆ. ಒಂದರಲ್ಲಿ ಎಲ್ಲ ಸೇರಿ 1,85,000, ಇನ್ನೊಂದರಲ್ಲಿ 2,40,000, ಮತ್ತೊಂದರಲ್ಲಿ 3,10,000. ಮೂರರಲ್ಲೂ ಹೇಳಿದ ಇಂಪ್ಲಾಂಟ್ ಒಂದೇ ಬಗೆಯದು. ಅಂದರೆ ಸರ್ಕಾರ ಕಟ್ಟಿದ ಬೆಲೆಯ ಆಚೆಗೆ, ಒಂದೇ ಊರಿನಲ್ಲಿ, ಒಂದೇ ಕೆಲಸಕ್ಕೆ ಒಂದೂಕಾಲು ಲಕ್ಷದ ಅಂತರ. ಅಣ್ಣ ಕಾಗದ ತಿರುಗಿಸಿ ನೋಡಿ ಸುಮ್ಮನಾದ. ಅವ್ವ ಮಾತ್ರ ಕೇಳಿದಳು: “ಒಂದು ಕಾಲಿಗೆ ಇಷ್ಟಾ? ಹಂಗಾದ್ರ ಇನ್ನೊಂದು ಕಾಲು ಬ್ಯಾಡ. ಹೊಲದ ಸುದ್ದಿಗೆ ಹೋಗಬ್ಯಾಡ್ರಿ ನೀವಿಬ್ರೂ.”

ಎಸ್ಟಿಮೇಟ್ ಓದುವುದು ನನ್ನ ಕಸುಬು. ಸಾಫ್ಟ್‌ವೇರ್ ಪ್ರಾಜೆಕ್ಟಿನಲ್ಲಿ ‘ಫಿಕ್ಸ್ಡ್ ಪ್ರೈಸ್’ ಅಂದಾಗ ನಾವು ಮೊದಲು ನೋಡುವುದು ಮೊತ್ತವನ್ನಲ್ಲ, ಏನೇನು ಸೇರಿಲ್ಲ ಎಂಬ ಪಟ್ಟಿಯನ್ನು. ಆಸ್ಪತ್ರೆಯ ಪ್ಯಾಕೇಜೂ ಹಾಗೆಯೇ. 1,85,000ದ ಪ್ಯಾಕೇಜಿನಲ್ಲಿ ಔಷಧ, ರಕ್ತ, ಐಸಿಯು, ನಾಲ್ಕು ದಿನ ಮೀರಿದ ವಾಸ, ಫಿಸಿಯೋಥೆರಪಿ ಯಾವುದೂ ಇರಲಿಲ್ಲ. 2,40,000ದ್ದರಲ್ಲಿ ಬಹಳಷ್ಟು ಇತ್ತು. 3,10,000ದ್ದು ಎರಡನೆಯದೇ, ಸಿಂಗಲ್ ರೂಮಿನ ದರದಲ್ಲಿ. ಪಕ್ಕಪಕ್ಕ ಕಾಲಂ ಮಾಡಿ ಬರೆದಾಗ ಮೊದಲ ಎರಡರ ಅಂತರ ಹತ್ತು ಸಾವಿರಕ್ಕೆ ಬಂತು.

ಇನ್ನೊಂದು ಸಾಲು ನನ್ನ ಕಣ್ಣಿಗೆ ಬಿತ್ತು. ಇಂಪ್ಲಾಂಟಿಗೆ ನಾಲ್ಕೂ ತುಂಡಿನ ಪೂರ್ತಿ 54,720 ಹಾಕಿದ್ದರು. ಆದರೆ ಅವ್ವನ ಮಂಡಿಚಿಪ್ಪು ಚೆನ್ನಾಗಿದೆ, ಅದನ್ನು ಮುಟ್ಟುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಮ್ಮ ದೇಶದಲ್ಲಿ ಅನೇಕ ಸರ್ಜನ್‌ಗಳು ಮಂಡಿಚಿಪ್ಪನ್ನು ಹಾಗೆಯೇ ಬಿಡುತ್ತಾರೆ. ಹಾಕದ ತುಂಡಿಗೆ 4,090 ಯಾಕೆ ಎಂದು ಬಿಲ್ಲಿಂಗ್ ಕೌಂಟರಿನಲ್ಲಿ ಕೇಳಿದೆ. ಅಲ್ಲಿದ್ದ ಹುಡುಗ ಕಂಪ್ಯೂಟರ್ ನೋಡಿ, “ಸಾಹೇಬ್, ಸಿಸ್ಟಂನಲ್ಲಿ ಸೆಟ್ ಅಂತಲೇ ಬರುತ್ತೆ” ಎಂದ. ಬಿಡಿಬಿಡಿಯಾಗಿ ಬರೆದುಕೊಡಿ ಎಂದೆ. ಬರೆದುಕೊಟ್ಟ. ಡಿಸ್ಚಾರ್ಜ್ ದಿನ ಬಿಲ್ಲಿಗೆ ಮೂರು ಸ್ಟಿಕ್ಕರ್ ಅಂಟಿಸಿದ್ದರು, ಮೂರು ಬ್ಯಾಚ್ ನಂಬರು. ನಾಲ್ಕು ಸಾವಿರ ದೊಡ್ಡ ಮೊತ್ತವಲ್ಲ. ಆದರೆ ಅಣ್ಣನ ಹೊಲದಲ್ಲಿ ಎರಡು ವಾರ ಇಬ್ಬರು ಆಳಿಗೆ ಕೊಡುವ ಕೂಲಿಗೆ ಅದು ಹತ್ತಿರ.

ಬೆಲೆ ನಿಯಂತ್ರಣದ ಮಿತಿಯೂ ಇಲ್ಲೇ ಕಾಣುತ್ತದೆ. ಸರ್ಕಾರ ಕಟ್ಟಿದ್ದು ತುಂಡಿನ ಬೆಲೆಯನ್ನು, ಆಪರೇಷನ್ನಿನ ಬೆಲೆಯನ್ನಲ್ಲ. ಓಟಿ ಚಾರ್ಜು, ಸರ್ಜನ್ ಫೀಸು, ಅರಿವಳಿಕೆ, ರೂಮು ಇವಕ್ಕೆ ಖಾಸಗಿಯಲ್ಲಿ ಅಂಥ ಕಟ್ಟುಪಾಡಿಲ್ಲ. ಒಂದು ಕಡೆ ಒತ್ತಿದ ಬಲೂನು ಇನ್ನೊಂದು ಕಡೆ ಉಬ್ಬುವಂತೆ, ಇಂಪ್ಲಾಂಟ್ ಇಳಿದ ಕಡೆ ಬೇರೆ ಸಾಲುಗಳು ಏರಬಹುದು. ಈಚೆಗೆ ರೋಬೋಟ್ ಎಂಬ ಹೊಸ ಸಾಲೂ ಸೇರಿದೆ. ಮೂಳೆಯನ್ನು ನಿಖರವಾಗಿ ಕತ್ತರಿಸಲು ಅದು ನೆರವಾಗುತ್ತದೆ ನಿಜ. ಅದಕ್ಕೆ ಬೇರೆ ಚಾರ್ಜು ಎಷ್ಟು, ಅದಿಲ್ಲದೆ ಇದೇ ಡಾಕ್ಟರು ಮಾಡುತ್ತಾರೆಯೇ, ವಿಮೆ ಅದನ್ನು ಕೊಡುತ್ತದೆಯೇ ಎಂದು ಮೊದಲೇ ಕೇಳುವುದು ಮನೆಯವರ ಕೆಲಸ.

ವಿಮೆಯ ಇತಿಹಾಸ ಬೇರೆ. ಸರ್ಕಾರಿ ಕಂಪನಿಗಳು 1986ರಲ್ಲಿ ಮೆಡಿಕ್ಲೈಮ್ ತಂದವು. ಸವೆತದಿಂದ ಬರುವ ಮಂಡಿ ಬದಲಾವಣೆಗೆ ಚಿಲ್ಲರೆ ಪಾಲಿಸಿಗಳಲ್ಲಿ ಕಾಯುವ ಅವಧಿ ಇರುತ್ತದೆ. 2020ರಲ್ಲಿ ಬಂದ ‘ಆರೋಗ್ಯ ಸಂಜೀವಿನಿ’ ಎಂಬ ಏಕರೂಪದ ಪಾಲಿಸಿಯಲ್ಲಿ ಅದು ನಾಲ್ಕು ವರ್ಷವಿತ್ತು. 2024ರ ಏಪ್ರಿಲ್‌ನಿಂದ ಯಾವ ಕಂಪನಿಯೂ ಮೂರು ವರ್ಷಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ. ಹಾಗಾಗಿ ಅಪ್ಪ ಅಮ್ಮನಿಗೆ ನೋವು ಶುರುವಾದ ಮೇಲೆ ಪಾಲಿಸಿ ಹುಡುಕಿದರೆ ಪ್ರಯೋಜನ ಕಡಿಮೆ. ಐಟಿ ಕಂಪನಿಗಳ ಗ್ರೂಪ್ ಪಾಲಿಸಿಯಲ್ಲಿ ಸಾಮಾನ್ಯವಾಗಿ ಈ ಕಾಯುವಿಕೆ ಇರುವುದಿಲ್ಲ. ಬದಲಿಗೆ ತಂದೆತಾಯಿಯ ಬಿಲ್ಲಿನಲ್ಲಿ ಇಷ್ಟು ಪಾಲು ನೀವೇ ಕೊಡಿ ಎನ್ನುವ ಕೋ-ಪೇ, ಮಂಡಿಗೆ ಇಷ್ಟೇ ಎನ್ನುವ ಮಿತಿ ಇರುತ್ತದೆ.

ಹಲವರಿಗೆ ಗೊತ್ತಿಲ್ಲದ ಹೊಡೆತ ರೂಮಿನದು. ಪಾಲಿಸಿಯಲ್ಲಿ ದಿನಕ್ಕೆ 5,000 ರೂಪಾಯಿಯ ರೂಮು ಎಂದಿದ್ದು, ನೀವು 10,000ದ ರೂಮು ತೆಗೆದುಕೊಂಡರೆ, ಕಡಿತ ರೂಮಿನ ಬಾಡಿಗೆಗೆ ನಿಲ್ಲುವುದಿಲ್ಲ. ಸರ್ಜನ್ ಫೀಸು, ಓಟಿ, ನರ್ಸಿಂಗ್ ಎಲ್ಲದರಲ್ಲೂ ಅರ್ಧವನ್ನೇ ಕೊಡಬಹುದು. 2020ರಲ್ಲಿ ವಿಮಾ ಪ್ರಾಧಿಕಾರ ಒಂದು ಒಳ್ಳೆಯ ನಿಯಮ ಮಾಡಿತು: ಇಂಪ್ಲಾಂಟ್, ಔಷಧ, ತಪಾಸಣೆಗಳಿಗೆ ಈ ಅನುಪಾತದ ಕಡಿತ ಹಚ್ಚುವಂತಿಲ್ಲ. ಕ್ಲೈಮ್ ಕಾಗದ ಬಂದಾಗ ಇದೊಂದನ್ನು ತಾಳೆ ನೋಡಿ. 2022ರ ಜುಲೈ 18ರಿಂದ ದಿನಕ್ಕೆ 5,000 ಮೀರಿದ ರೂಮಿಗೆ ಶೇ. 5 ಜಿಎಸ್‌ಟಿಯೂ ಬಂತು. ಎರಡು ಹಾಸಿಗೆಯ ರೂಮಿನಲ್ಲಿ ಮಲಗಿದರೆ ಮಂಡಿ ಬೇರೆ ಥರ ಮಾಸುವುದಿಲ್ಲ. ಅವ್ವ ಟ್ವಿನ್ ಶೇರಿಂಗ್‌ನಲ್ಲೇ ಇದ್ದಳು. ಪಕ್ಕದ ಹಾಸಿಗೆಯ ಬಾರಾಮತಿಯ ಅಜ್ಜಿಯ ಮರಾಠಿ, ಇವಳ ಕನ್ನಡ, ಇಬ್ಬರೂ ದಿನವಿಡೀ ಮಾತಾಡಿಕೊಂಡಿದ್ದರು.

ಇದೆಲ್ಲ ವಿಮೆ ಇದ್ದವರ ಮಾತು. ಇಲ್ಲದವರಿಗೆ? ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ನ್ಯಾಸ ಕಾಯ್ದೆಯ ಕೆಳಗಿನ ಧರ್ಮಾರ್ಥ ಆಸ್ಪತ್ರೆಗಳಿಗೆ 41ಎಎ ಎಂಬ ಕಲಮು ಅನ್ವಯಿಸುತ್ತದೆ. 2006ರಲ್ಲಿ ಬಾಂಬೆ ಹೈಕೋರ್ಟ್ ಅದಕ್ಕೊಂದು ಯೋಜನೆ ಹಾಕಿಕೊಟ್ಟಿತು. ಹಾಸಿಗೆಗಳಲ್ಲಿ ಶೇ. 10 ಕಡುಬಡವರಿಗೆ ಉಚಿತ, ಇನ್ನೊಂದು ಶೇ. 10 ದುರ್ಬಲ ವರ್ಗಕ್ಕೆ ರಿಯಾಯಿತಿ ದರದಲ್ಲಿ. ಇದಕ್ಕಾಗಿ ಬಿಲ್ಲಿಂಗಿನ ಶೇ. 2 ಬೇರೆ ನಿಧಿಗೆ. ಪುಣೆಯ ಹೆಸರಾಂತ ದೊಡ್ಡ ಆಸ್ಪತ್ರೆಗಳಲ್ಲಿ ಹಲವು ಈ ನ್ಯಾಸಗಳವೇ. ವಾಚ್‌ಮನ್ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಕಲಬುರಗಿ, ವಿಜಯಪುರದಿಂದ ಬಂದ ನಮ್ಮವರಿಗೆ ಈ ಸುದ್ದಿ ಮುಟ್ಟುವುದಿಲ್ಲ. ಆದಾಯದ ಪ್ರಮಾಣಪತ್ರ, ರೇಷನ್ ಕಾರ್ಡು ಹಿಡಿದು ಆಸ್ಪತ್ರೆಯ ಸಮಾಜಸೇವಾ ವಿಭಾಗಕ್ಕೆ ಹೋಗಬೇಕು. ಅಲ್ಲಿ ಮರಾಠಿಯಲ್ಲಿ ಮಾತಾಡಿಕೊಡಲು ನಮ್ಮಂಥವರು ಒಂದು ಗಂಟೆ ಜೊತೆಗೆ ಹೋದರೂ ಅದು ದೊಡ್ಡ ಸಹಾಯ.

ಕರ್ನಾಟಕದ ಕಡೆಯಿಂದಲೂ ನೋಡೋಣ. 2003ರಲ್ಲಿ ಶುರುವಾದ ಯಶಸ್ವಿನಿ, ಸಹಕಾರ ಸಂಘದ ರೈತರಿಗೆ ತಿಂಗಳಿಗೆ 5 ರೂಪಾಯಿಯಲ್ಲಿ ಆಪರೇಷನ್ ಕೊಟ್ಟ, ದೇಶವೇ ನೋಡಿದ ಯೋಜನೆ. ನಮ್ಮೂರಲ್ಲಿ ಅದರಿಂದ ಹೃದಯ, ಗರ್ಭಕೋಶದ ಆಪರೇಷನ್ ಮಾಡಿಸಿಕೊಂಡವರಿದ್ದಾರೆ. ಆದರೆ ಅದರ ಹೊರಗಿಟ್ಟ ಪಟ್ಟಿಯಲ್ಲಿ ಇಂಪ್ಲಾಂಟ್ ಮತ್ತು ಕೀಲು ಬದಲಾವಣೆ ಇದ್ದವು. ಐದು ರೂಪಾಯಿಯ ವಂತಿಗೆಯಲ್ಲಿ ಲಕ್ಷಾಂತರ ರೂಪಾಯಿಯ ಆಮದು ಮಂಡಿ ಕೂರುವುದು ಸಾಧ್ಯವಿರಲಿಲ್ಲ, ನಿಜ. ಆದರೆ ಹೊಲದಲ್ಲಿ ಕೂತೇ ದುಡಿಯುವ ಹೆಂಗಸರ ಮುಖ್ಯ ಬೇನೆಯೇ ರೈತರ ಯೋಜನೆಯಿಂದ ಹೊರಗೆ ಉಳಿಯಿತು. ಮಂಡಿ ಸಾಯಿಸುವುದಿಲ್ಲ, ಹಾಗಾಗಿ ಎಲ್ಲ ಯೋಜನೆಯಲ್ಲೂ ಅದರ ಸರದಿ ಕೊನೆಗೆ.

2024ರ ಅಕ್ಟೋಬರಿನಲ್ಲಿ ಆಯುಷ್ಮಾನ್ ಭಾರತ ಯೋಜನೆ, ಎಪ್ಪತ್ತು ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷದ ರಕ್ಷಣೆ ಎಂದು ಬಾಗಿಲು ತೆರೆಯಿತು. ನಮ್ಮ ಮನೆಯ ಎದುರಿನ ಚಿಕ್ಕವ್ವನಿಗೆ ಈಗ ಎಪ್ಪತ್ತೆರಡು. ಅವ್ವನ ಜೊತೆಯೇ ಕಳೆ ಕೀಳಲು ಹೋಗುತ್ತಿದ್ದವಳು, ಅವಳಷ್ಟೇ ಸವೆದ ಮಂಡಿ. ಗೋಡೆ ಹಿಡಿದು ನಡೆಯುತ್ತಾಳೆ. ಕಾರ್ಡು ಮಾಡಿಸಬಹುದು, ಪಟ್ಟಿಯಲ್ಲಿರುವ ಆಸ್ಪತ್ರೆಯನ್ನು ಹುಬ್ಬಳ್ಳಿಯಲ್ಲಿ ವಿಚಾರಿಸಬಹುದು ಎಂದು ಫೋನಿನಲ್ಲಿ ಹೇಳಿದೆ. ಅವಳು ಕೇಳಿದ್ದು ಇಂಪ್ಲಾಂಟಿನ ಸುದ್ದಿಯಲ್ಲ: “ಆತೋ ತಮ್ಮಾ, ರೊಕ್ಕ ಅವರ ಕೊಡತಾರ. ಆಮ್ಯಾಲ ಒಂದೂವರಿ ತಿಂಗಳ ನನ್ನ ಹಿಡದು ಎಬ್ಬಸಾವ್ರು ಯಾರು?” ಅವಳ ಇಬ್ಬರು ಗಂಡುಮಕ್ಕಳೂ ಪುಣೆಯಲ್ಲೇ ಇದ್ದಾರೆ, ಹಿಂಜವಡಿಯಲ್ಲಿ ಕಟ್ಟಡದ ಕೆಲಸಕ್ಕೆ. ರಜೆ ಹಾಕಿದರೆ ಕೂಲಿ ಇಲ್ಲ.

ವಾಕರ್, ಎತ್ತರದ ಕಮೋಡು, ದಿನಕ್ಕೆರಡು ಸಲ ಕಾಲು ಮಡಚಿಸುವ ಕೈ, ಅಡಿಗೆ ಮಾಡಿ ಹಾಕುವವರು — ಇವು ಇಲ್ಲದೆ ಹೊಸ ಮಂಡಿ ಬಾಗುವುದಿಲ್ಲ. ಈ ಸಾಲು ಯಾವ ಎಸ್ಟಿಮೇಟಿನಲ್ಲೂ ಇಲ್ಲ, ಯಾವ ಕಾರ್ಡಿನಲ್ಲೂ ಇಲ್ಲ. ಅವ್ವನ ಕಾಲಂ ಹಾಕುವಾಗ ನಾನು ಅದನ್ನೂ ಬರೆದಿದ್ದೆ: ಹೆಂಡತಿಯ ಹದಿನೈದು ದಿನದ ರಜೆ, ನನ್ನ ಹತ್ತು ದಿನ, ಅತ್ತಿಗೆ ಊರು ಬಿಟ್ಟು ಬಂದು ನಿಂತ ಒಂದು ತಿಂಗಳು. ಕೂಡಿಸಿದರೆ ಇಂಪ್ಲಾಂಟಿಗಿಂತ ಹೆಚ್ಚಾಯಿತು. ಚಿಕ್ಕವ್ವನ ಮಕ್ಕಳ ಜೊತೆ ಈಗ ಆ ಲೆಕ್ಕವನ್ನೇ ಮೊದಲು ಮಾಡುತ್ತಿದ್ದೇವೆ. ಯಾರು ಯಾವ ವಾರ ಊರಿಗೆ ಹೋಗುವುದು, ಆ ವಾರದ ಕೂಲಿಯನ್ನು ಯಾರು ಯಾರು ತುಂಬಿಕೊಡುವುದು. ಆಪರೇಷನ್ನಿನ ತಾರೀಖು ಆಮೇಲೆ.